ಬೀಗರ ಕಡಿ ಬೀಸೋ ಗಾಳಿ

ಏಸಿ ಮಾರೋ ಧಂದಾಕ್ಕ ಇಳದ ಮ್ಯಾಲ ನಗೋ ಪ್ರಸಂಗ ನಾ ಹುಡುಕ್ಕೊಂಡು ಹೋಗಿದ್ದು ಒಂದೂ ಇಲ್ಲ. ಅವೇ ಫೋನ್ ಮಾಡಿ ನನ್ನ ಕರಸ್ಕೋತಾವ.

ನನ್ನ ಅಂಗಡಿ ಹುಮನಾಬಾದದಾಗ. ಮೊದಲ ಬರೀ ಕೂಲರ್ ರಿಪೇರಿ ಮಾಡ್ತಿದ್ದೆ. ದುಬಲಗುಂಡಿ ಕಡ್ಯವರು ಬಸ್ಸಿನ ಮ್ಯಾಲ ಕೂಲರ್ ಹೇರ್ಕೊಂಡು ಬರೋರು, ಪಂಪ್ ಬದಲಿ ಮಾಡಿಸ್ಕೊಂಡು ಅದ ಬಸ್ಸಿಗಿ ತಿರುಗಿ ಹೋಗೋರು. ಈಗ ಕೆಲವು ವರ್ಷದಿಂದ ಏಸಿ ಹಾಕ್ತೀನಿ. ಮನಿಗಳಿಗಿ ಹಾಕೋದು ಸುಲಭ. ಅವರು ಗ್ವಾಡಿ ತೋರಿಸ್ತಾರ, ನಾವು ತೂತು ಹೊಡೀತೀವಿ, ಚಾ ಕುಡದು ಬರ್ತೀವಿ. ದೊಡ್ಡ ಕಟ್ಟಡ ಹಂಗಲ್ಲ. ಅಲ್ಲಿ ಯಾವ ಏಸಿ, ಎಲ್ಲಿ, ಎಷ್ಟು ಅಂತ ಆರಿಸಬೇಕಾಗ್ತದ. ಆ ಆರಿಸೋ ವಿದ್ಯಾ ನಾ ಕಂಪನಿ ಟ್ರೇನಿಂಗ್‌ನ್ಯಾಗ ಕಲ್ತೀನಿ ಅಂತ ಭಾಳ ದಿನಾ ತಿಳ್ಕೊಂಡಿದ್ದೆ. ಬಸವಕಲ್ಯಾಣದ ಒಬ್ಬ ಬಟ್ಟಿ ಸಾವಕಾರ್ರು ಸಿಕ್ಕ ಮ್ಯಾಲ ಆ ಭ್ರಮಾ ಹೋತು.

೧. ಮಂದಿ ಲೆಕ್ಕ

ಸಾವಕಾರ್ರ ಹಳೇ ಅಂಗಡಿ ಪ್ಯಾಟ್ಯಾಗ. ಅದರ ಎದುರಿಗೇ ಮೂರು ಅಂತಸ್ತಿನ ಹೊಸಾ ಕಟ್ಟಡ ಎಬ್ಬಿಸಿದ್ರು. ಕೆಳಗ ಸೀರಿ, ಮ್ಯಾಲ ಪ್ಯಾಂಟು-ಶರ್ಟು, ಅದರ ಮ್ಯಾಲ ಗೋದಾಮು. "ಕೆಳಗಿನ ಅಂತಸ್ತಿಗಿ ಏಸಿ ಹಾಕಬೇಕು, ಯಾವುದು ಚಲೋ ಅಂತ ನೋಡಿ ಹೇಳ್ರಿ," ಅಂತ ಕರಸಿದ್ರು. ಹೋದೆ.

ಅವಸರ ಯಾಕ ಅನ್ನೋದನ್ನ ಕುಂಡ್ರೋದ್ರಾಗ ಹೇಳಿಬಿಟ್ರು. ಮೋರಖಂಡಿಯ ಒಬ್ಬ ಕಾಕಾ ಅದಾರ. ಅವರ ಅಜ್ಜನ ಕಾಲದಿಂದ ಆ ಮನಿ ಬಸ್ತಾ ಸಾವಕಾರ್ರ ಅಂಗಡ್ಯಾಗ. ಬಸ್ತಾ ಅಂದ್ರ ಮದಿವಿ ಬಟ್ಟಿ ಖರೀದಿ. ಗಂಡಿನ ಕಡ್ಯವರು, ಹೆಣ್ಣಿನ ಕಡ್ಯವರು ಇಬ್ಬರೂ ಕೂಡಿ ಒಂದ ಅಂಗಡಿಗಿ ಬಂದು, ಗಾದಿ ಮ್ಯಾಲ ಎದುರಾಬದುರು ಕುಂತು, ಮದಿಮಗಳ ಸೀರಿ ಹಿಡದು ದೂರದ ಬೀಗನ ಟಾವೆಲ್ ತನಕ ಒಂದ ದಿನದಾಗ ಮುಗಸೋ ಕೆಲಸ. ಈಗ ಆ ಕಾಕಾನ ಮಗಳ ಮದಿವಿ. ಗಂಡಿನವರು ಸೋಲಾಪುರದವರು. ಅವರು ಬಾಯಿ ಬಿಟ್ಟು ಅಂದಾರಂತ, "ನಮ್ಮಲ್ಲಿ ಏಸಿ ಅಂಗಡಿ ಬೇಕಾದಷ್ಟು ಅವ. ಬ್ಯಾಸಗ್ಯಾಗ ನಿಮ್ಮ ಊರಾಗ ಕುಂತು ಬೇಯೋದು ಆಗಂಗಿಲ್ಲ." ಕಾಕಾ ಮಾರಿ ಸಣ್ಣದು ಮಾಡ್ಕೊಂಡು ಬಂದು ಇದನ್ನ ಹೇಳ್ಯಾರ. ಸಾವಕಾರ್ರು ಎದಿ ತಟ್ಟಿ ಮಾತು ಕೊಟ್ಟಾರ: "ನಿಮ್ಮ ಬಸ್ತಾ ಏಸ್ಯಾಗ ಆಗ್ತದ. ಅದೂ ಇಲ್ಲೇ."

"ಒಮ್ಮಿ ಸೋಲಾಪುರ ರಸ್ತಾ ಹಿಡದ್ರ ಆ ಮನಿ ಕೈ ತಪ್ತು ನೋಡ್ರಿ," ಅಂದ್ರು ನನಗ. "ಆ ಮನಿ ಹಿಂದ ಇಡೀ ಮೋರಖಂಡಿ ಹೋಗ್ತದ. ಆಮ್ಯಾಲ ಈ ಕಟ್ಟಡದಾಗ ನಾನೊಬ್ಬನ ಏಸಿ ಹಚ್ಕೊಂಡು ಕುಂಡ್ರಬೇಕು."

ಏಸಿ ಆರಿಸಬೇಕಾದ್ರ ಮೊದಲ ಕೇಳೋದು, ಒಳಗ ಮಂದಿ ಎಷ್ಟು ಇರ್ತಾರ ಅಂತ. ಮನುಷ್ಯರ ಮೈ ಕಾವು ಬಿಡ್ತದ, ಅದನ್ನೂ ಲೆಕ್ಕಕ್ಕ ಹಿಡೀಬೇಕು.

"ಬಸ್ತಾ ದಿನಾ ಗಿರಾಕಿ ಎಷ್ಟು ಮಂದಿ ಬರ್ತಾರ್ರಿ?" ಅಂದೆ.

"ಒಬ್ರ."

ನಾ ಬರಕೊಂಡೆ. ಒಬ್ಬ ಗಿರಾಕಿ, ನಾಕಾರು ಮಂದಿ ನೌಕರರು, ಸಾವಕಾರ್ರು, ಲೆಕ್ಕ ಬರಿಯೋ ಅವರ ಮುನೀಮ್ರು. ಎರಡು ಸಣ್ಣ ಏಸಿ ಸಾಕು ಅಂತ ಮನಸ್ಸಿನಾಗ ಹಿಡದುಬಿಟ್ಟೆ. ಅಷ್ಟ್ರಾಗ ಹಳೇ ಅಂಗಡಿ ಮುಂದ ಒಂದು ಟೆಂಪೋ, ಅದರ ಹಿಂದ ಎರಡು ಕ್ರೂಸರ್ ಬಂದು ನಿಂತ್ವು. ಬ್ಯಾರೆ ಯಾವುದೋ ಊರಿನ ಬಸ್ತಾ. ಇಳಿದ್ರು, ಇಳಿದ್ರು, ಇಳ್ಯೂದ ನಿಲ್ಲವಲ್ದು. ಅಜ್ಜಿದೇರು, ಸೊಸಿದೇರು, ಕಂಕುಳಾಗ ಕೂಸು, ಬುತ್ತಿ ಗಂಟು, ನೀರಿನ ಕ್ಯಾನು. ಒಂದು ಸಣ್ಣ ಊರೇ ಅಂಗಡ್ಯಾಗ ಹೊಕ್ಕಂಗ ಆತು.

"ಸಾವಕಾರ್ರೇ, ಗಿರಾಕಿ ಒಬ್ರ ಅಂದ್ರಿ?"

"ಹೌದು ಮತ್ತ. ಗಿರಾಕಿ ಅಂದ್ರ ಬಿಲ್ ಕೊಡೋ ಆ ತಲಿಗಿ ಪಟಕಾ ಸುತ್ತಿದವರೊಬ್ರ. ಉಳದವರೆಲ್ಲಾ ಬೀಗರು, ಅವರದೇನು ಲೆಕ್ಕ ಹಿಡೀತೀರಿ?"

೨. ಹವಾ ನೋಡಿದ್ದು

ಸಾವಕಾರ್ರು ಹೇಳಿಕೇಳಿ ಬಟ್ಟಿ ಮಂದಿ. ಕೈಯಾಗ ಹಿಡದು ಹಿಸುಕಿ ನೋಡ್ದೆ ಒಂದು ಬ್ಲೌಸ್ ಪೀಸೂ ತಗೋಳೋರಲ್ಲ. ನಾ ಕೊಟ್ಟ ಬಣ್ಣಬಣ್ಣದ ಚಿತ್ರದ ಪುಸ್ತಕ ತಿರುವಿ ಹಾಕಿ, "ಇದ್ರಾಗ ಥಂಡಿ ಎಲ್ಲದರಿ? ನಾ ಥಂಡಿ ನೋಡಬೇಕು," ಅಂದ್ರು.

"ಊರಾಗ ಏಸಿ ಇದ್ದಲ್ಲಿ ಹೋಗಿ ನೋಡ್ಕೊಂಡು ಬರ್ರಿ," ಅಂದುಬಿಟ್ಟೆ. ಇಂಥ ಮಾತು ಬಾಯಿಂದ ಹೊರಗ ಬೀಳೋ ಮೊದಲ ಎರಡು ಸಲ ವಿಚಾರ ಮಾಡಬೇಕು. ಈಗ ಮಾಡ್ತೀನಿ.

ಸಾವಕಾರ್ರು, ಮುನೀಮ್ರು ಇಬ್ಬರೂ ಹೊಂಟ್ರು. ಮೊದಲ ಒಂದು ಬ್ಯಾಂಕಿನ ಮ್ಯಾನೇಜರ್ ಖೋಲಿ. ಊರಿನ ದೊಡ್ಡ ಸಾವಕಾರ್ರು ತಾವಾಗೇ ಬಂದಾರಂತ ಮ್ಯಾನೇಜರ್ ಎದ್ದು ನಿಂತು, ಚಾ ತರಿಸಿ, "ಹೇಳ್ರಿ, ನಮ್ಮಿಂದ ಏನಾಗ್ಬೇಕು?" ಅಂದ್ರಂತ. "ಏನಿಲ್ರಿ, ನೀವು ನಿಮ್ಮ ಕೆಲಸ ಮಾಡ್ರಿ. ನಾವು ಹವಾ ನೋಡಾಕತ್ತೇವಿ," ಅಂತ ಇವರು ಸುಮ್ಮ ಕುಂತ್ರಂತ. ಸ್ವಲ್ಪ ಹೊತ್ತಾದ ಮ್ಯಾಲ ಮ್ಯಾನೇಜರೇ ಎದ್ದು ಹೊರಗ ಹೋದ್ರಂತ.

ಅಲ್ಲಿಂದ ಒಂದು ಎಟಿಎಂ. ಇಲ್ಲಿ ನಡದದ್ದು ನಾ ಕಣ್ಣಾರೆ ನೋಡೀನಿ, ಯಾಕಂದ್ರ ಅವರನ್ನ ಹುಡುಕ್ಕೊಂಡು ನಾನೂ ಆ ರಸ್ತಾದಾಗ ಹೊಂಟಿದ್ದೆ. ಎಟಿಎಂ ಮುಂದ ಉದ್ದ ಪಾಳಿ. ಪಾಳ್ಯಾಗ ನಿಂತವರೆಲ್ಲಾ ಬರಿಗಾಲಿನಾಗ ಅದಾರ, ಬಿಸಲಿಗಿ ಒಂದೊಂದ ಕಾಲು ಎತ್ತಿ ಇಡಾಕತ್ತಾರ. ಮೆಟ್ಟಲ ಬಾಜೂಕ ಚಪ್ಲಿ ಸಾಲಾಗಿ ಬಿಟ್ಟಾರ.

"ಏನ್ರಿ ಇದು?" ಅಂತ ಒಬ್ಬರಿಗಿ ಕೇಳಿದೆ.

"ಗೊತ್ತಿಲ್ರಿ, ಒಳಗ ಏನೋ ಪೂಜಾ ನಡದಂಗ ಅದ. ಹಿರ್ಯಾರು ಕುಂತಾರ."

ಇಣಿಕಿ ನೋಡ್ತೀನಿ, ಮಷೀನಿನ ಮುಂದ ಇಬ್ಬರೂ ಚಕ್ಕಳಮಕ್ಕಳ ಹಾಕ್ಕೊಂಡು ನೆಲದ ಮ್ಯಾಲ ಕುಂತಾರ. ಮುನೀಮ್ರು ಕಣ್ಣು ಮುಚ್ಚ್ಯಾರ. ಗಾದಿ ಮ್ಯಾಲ ಕುಂತವರಿಗಿ ಥಂಡಿ ಹತ್ತತದೋ ಇಲ್ಲೋ ಅಂತ ಪರೀಕ್ಷಾ ನಡದದ. ಗಾದಿ ಏರೋ ಮಂದಿ, ರೂಢಿ ಬಿಡಬೇಕಲ್ಲ, ಚಪ್ಲಿ ಹೊರಗ ಬಿಟ್ಟು ಒಳಗ ಹೋಗ್ಯಾರ. ಅದನ್ನ ನೋಡಿ ಹಿಂದ ಬಂದವರೂ ಬಿಟ್ಟಾರ, ಅವರನ್ನ ನೋಡಿ ಅವರ ಹಿಂದಿನವರೂ ಬಿಟ್ಟಾರ.

ನಾ ಇಬ್ಬರನ್ನೂ ಎಬ್ಬಿಸಿ ಹೊರಗ ತಂದೆ. ಪಾಳ್ಯಾಗಿದ್ದ ಒಬ್ಬ ಅಜ್ಜಿ ಮುನೀಮ್ರಿಗಿ ಕೈ ಮುಗದ್ಲು.

"ಹ್ಯಾಂಗನಿಸ್ತು ಸಾವಕಾರ್ರೇ?" ಅಂದೆ.

ಸಾವಕಾರ್ರು ಎಟಿಎಂ ಕಡಿ ತಿರುಗಿ ನೋಡಿ ಅಂದ್ರು, "ಥಂಡಿ ಚಲೋ ಅದ. ಆದ್ರ ಜಾಗಾ ಸಣ್ಣದಾತು. ಇಲ್ಲಿ ಬಸ್ತಾ ಆಗಂಗಿಲ್ಲ."

೩. ಯಾ ಕಡಿ ಗಾಳಿ

ಮಂದಿ ಲೆಕ್ಕ ಹೊಸದಾಗಿ ಹಾಕಿದೆ. ಗ್ವಾಡಿಗಿ ಹಾಕೋ ನಾಕು ಏಸಿ, ಮೂಡಣ ಗ್ವಾಡಿಗಿ ಸಾಲಾಗಿ ಕುಂಡ್ರಸೋದು ಅಂತ ನಕ್ಷಾ ಮಾಡ್ಕೊಂಡು ಹೋದೆ. ಅಗ್ಗದ ಖರ್ಚಿನಾಗ ಕೆಲಸ ಮುಗೀತದ ಅಂಬೋ ಅಂಥ ನಕ್ಷಾ. ನನಗಂತೂ ಹೆಮ್ಮಿ ಆಗಿತ್ತು.

ಸಾವಕಾರ್ರು ನೋಡಿ ಕೇಳಿದ್ರು, "ಇದರ ಕೆಳಗ ಯಾರು ಕುಂಡ್ರೋರು?"

"ಯಾರರೇ ಕುಂಡ್ರಲಿ."

"ಹಂಗಂದ್ರ ಹ್ಯಾಂಗ? ಗಂಡಿನ ಕಡ್ಯವರು ಒಂದು ಬಾಜು, ಹೆಣ್ಣಿನ ಕಡ್ಯವರು ಒಂದು ಬಾಜು. ಗಾಳಿ ಹೆಣ್ಣಿನವರ ಮಾರಿಗಿ ಬಡದು, ಗಂಡಿನವರ ಬೆನ್ನಿಗಿ ಬಂತಂದ್ರ ಬೀಗತಿ ಅಲ್ಲೇ ಎದ್ದು ಹೋಗ್ತಾಳ."

ಸರಿ, ಎರಡು ಈ ಗ್ವಾಡಿಗಿ, ಎರಡು ಆ ಗ್ವಾಡಿಗಿ ಅಂದೆ.

"ಎರಡೂ ಕಡಿ ಸರೀಕ?"

"ಸರೀಕ ಸರಿ. ಕೂದಲಷ್ಟೂ ಫರಕ್ ಇಲ್ಲ."

"ಅದ ತಪ್ಪು. ಹೆಣ್ಣಿನವರಿಗಿ ಎಷ್ಟೋ ನಮಗೂ ಅಷ್ಟ ಏನು, ಅಂತಾರ ಗಂಡಿನವರು. ಅವರಿಗಿ ಒಂಚೂರು ಜಾಸ್ತಿ ಬೇಕು. ಆದ್ರ ಜಾಸ್ತಿ ಕೊಟ್ಟೇವಿ ಅಂತ ಹೆಣ್ಣಿನವರಿಗಿ ಕಾಣಬಾರದು. ಬಿಲ್ ಕೊಡೋರು ಅವರ ನೋಡ್ರಿ."

ಯಪ್ಪಾ! ನನಗ ತಲಿ ಗಿರ್ ಅಂತು. ಆವತ್ತು ಹುಮನಾಬಾದಕ್ಕ ವಾಪಸ್ ಬರೋ ಬಸ್ಸಿನಾಗ ಕಿಡಕಿ ಬಾಜೂಕ ಕುಂತು ದಾರಿಯುದ್ದಕ್ಕೂ ಇದನ್ನ ವಿಚಾರ ಮಾಡಿದೆ. ಕಡೀಕ ಹೊಳೀತು. ಮಾಳಗಿ ನಡುವ ಕುಂಡ್ರೋ ಚೌಕ ಏಸಿ ಬರ್ತದ, ನಮ್ಮ ಧಂದಾದಾಗ ಅದಕ್ಕ ಕ್ಯಾಸೆಟ್ ಅಂತಾರ. ನಾಕೂ ಕಡಿ ರೆಕ್ಕಿ, ನಾಕೂ ಕಡಿ ಗಾಳಿ. ಒಂದು ಕಡಿ ರೆಕ್ಕಿ ಒಂಚೂರು ಜಾಸ್ತಿ ತೆರದಿಟ್ರ ಕೆಳಗ ಕುಂತವರಿಗಿ ಗೊತ್ತಾಗಂಗಿಲ್ಲ. ಮರುದಿನ ಹೋಗಿ ಹೇಳಿದೆ. ಸಾವಕಾರ್ರು ನನ್ನ ಬೆನ್ನ ಮ್ಯಾಲ ಕೈ ಇಟ್ಟು, "ಇಂಥದೊಂದು ಇತ್ತಂದ್ರ ಇಷ್ಟು ದಿನಾ ಯಾಕ ಮುಚ್ಚಿಟ್ಟಿದ್ರಿ?" ಅಂದ್ರು.

ಕಂಪನಿಗಿ ಆರ್ಡರ್ ಹೇಳಿದೆ. ಹೈದರಾಬಾದಿನಿಂದ ಒಬ್ಬ ಇಂಜಿನಿಯರ್ ಫೋನ್ ಮಾಡಿ, "ಗ್ವಾಡಿ ಏಸಿ ಸಾಕಾಗಿತ್ತಲ್ಲ, ಕ್ಯಾಸೆಟ್ ಯಾಕ? ಎಂಥಾ ಕಾವಿನ ಲೋಡ್ ಹಿಡದೀರಿ?" ಅಂತ ಕೇಳಿದ್ರು.

"ಬೀಗರ ಮಾನದ ಲೋಡ್ ರೀ," ಅಂದೆ.

ಆ ಕಡಿ ಕಂಪ್ಯೂಟರ್ ಮ್ಯಾಲ ಟಕಟಕ ಬಡ್ಯೋ ಸಪ್ಪಳ ಕೇಳಿಸ್ತು. ಆಮ್ಯಾಲ ಅವರು ಅಂದ್ರು, "ನಮ್ಮ ಸಾಫ್ಟ್‌ವೇರ್‌ನ್ಯಾಗ ಅದು ಇಲ್ಲ. ಅದನ್ನ ಇತರೆ ಅಂತ ಹಾಕ್ಲಾ?"

೪. ಗಾಜಿನ ಬಾಗಲ

ಎರಡು ಕ್ಯಾಸೆಟ್ ಕುಂತ್ವು. ಹೊಸಾ ಅಂಗಡಿ ಚಾಲೂ ಆತು. ಥಂಡಿ ಹೊರಗ ಹೋಗಬಾರದಂತ ಮುಂದ ಗಾಜಿನ ಬಾಗಲ ಹಾಕಿಸಿದೆ. ಬಿಸಲಿಗಿ ಸೀರಿ ಬಣ್ಣ ಹೋಗಬಾರದಂತ ಅದಕ್ಕ ಕರೀ ಹಾಳಿ ಅಂಟಸಿದ್ರು. ತಾನಾಗೇ ಮುಚ್ಕೊಳ್ಳೋ ಬಾಗಲ. ಭಾಳ ಚಂದ ಕಾಣ್ತಿತ್ತು.

ಆದ್ರ ಈ ಪ್ಯಾಟ್ಯಾಗ ಅಂಗಡಿ ಬಾಗಲ ಅಂದ್ರ ಮುಂಜಾನಿ ಎತ್ತಿದ ಶೆಟರ್ ಸಂಜಿಗಿ ಇಳಿಸೋದು. ನಡುವ ಮುಚ್ಚೋದು ಅಂದ್ರ ಮನ್ಯಾಗ ಯಾರರೇ ತೀರಿಕೊಂಡಾಗಷ್ಟ. ಇದು ನನಗ ಗೊತ್ತಿರಬೇಕಿತ್ತು. ಗೊತ್ತಿತ್ತು ಖರೇ, ಹೊಳೀಲಿಲ್ಲ.

ಮೊದಲಿನ ದಿನ ಒಂದು ಗುಬ್ಬಿನೂ ಒಳಗ ಬರಲಿಲ್ಲ. ನಾವು ಒಳಗ ಕುಂತು ನೋಡಾಕತ್ತೇವಿ. ಮಂದಿ ಬರ್ತಾರ, ಮೆಟ್ಟಲ ಹತ್ತಿರ ನಿಲ್ತಾರ, ಗಾಜಿನ್ಯಾಗ ತಮ್ಮ ಮಾರಿ ನೋಡ್ಕೋತಾರ, ತಲಿ ಮ್ಯಾಲ ಸೆರಗು ಹೊದ್ಕೋತಾರ, ಹೋಗ್ತಾರ. ಇಬ್ಬರು ಹೆಣ್ಣುಮಕ್ಕಳು ಮೆಟ್ಟಲ ಮ್ಯಾಲ ಕುಂತು ಏನೋ ಪಿಸಪಿಸ ಮಾತಾಡಿ, ಮಾರಿ ಸಪ್ಪಗ ಮಾಡ್ಕೊಂಡು ಎದ್ದು ಹೋದ್ರು. ಸಾವಕಾರ್ರ ಮಾರಿ ಗಳಿಗಿ ಗಳಿಗಿಗಿ ಇಳೀತು.

ಮಧ್ಯಾಹ್ನದಾಗ ಫೋನ್ ಬಂತು. ಮೋರಖಂಡಿ ಕಾಕಾ. ಸಾವಕಾರ್ರು ಗಡಬಡಿಸಿ ಎತ್ತಿದ್ರು. ಆ ಕಡಿಂದ ದುಃಖದ ದನಿ. "ಈಗ ಸುದ್ದಿ ಬಂತು ಸಾವಕಾರ್ರೇ. ಯಾವಾಗ ಹೋದ್ರು? ಮಣ್ಣು ಎಷ್ಟೊತ್ತಿಗಿ? ನಾವು ಗಾಡಿ ಮಾಡ್ಕೊಂಡು ಹೊಂಟೇವಿ."

"ಯಾರು? ಯಾರು ಹೋದ್ರು?"

"ನಿಮ್ಮ ಅಪ್ಪಾಜಿ ರೀ. ಅಂಗಡಿ ಮುಚ್ಚೀರಿ ಅಂತ ಪ್ಯಾಟಿಗಿ ಬಂದವರೆಲ್ಲಾ ಹೇಳಾಕತ್ತಾರ."

ಅಪ್ಪಾಜಿ ಅಲ್ಲೇ ಗಾದಿ ಮ್ಯಾಲ ಕುಂತಿದ್ರು. ಭಾಳ ವಯಸ್ಸಾದವರು. ಮುಂಜಾನಿಂದ ತಲಿಗಿ ಮಫ್ಲರ್ ಸುತ್ತಿಕೊಂಡು, ಕೈ ಎರಡೂ ಬಗಲಾಗ ಇಟ್ಕೊಂಡು, ನನ್ನನ್ನ ದುರುದುರು ನೋಡಾಕತ್ತಿದ್ರು. "ಇಲ್ಲಿ ಕೊಡು," ಅಂತ ಮಗನ ಕೈಯಾಗಿನ ಫೋನ್ ಕಸ್ಕೊಂಡ್ರು.

"ನಾ ಇನ್ನಾ ಇದ್ದೀನಪಾ," ಅಂದ್ರು ಕಾಕಾಗ. "ಆದ್ರ ನೀವು ಹೊಂಟೀರಿ ಅಂದ್ರ ಬಂದುಬಿಡ್ರಿ. ಈ ಥಂಡ್ಯಾಗ ನೀವು ಬರೋತನಕ ಏನಾಗ್ತದೋ ಹೇಳಾಕ ಬರಂಗಿಲ್ಲ."

೫. ಹಿಂದಿನ ಗಲ್ಲಿ

ಮರುದಿನದಿಂದ ಸಾವಕಾರ್ರು ಬಾಗಲ ಹೊರಗ ಕುರ್ಚಿ ಹಾಕ್ಕೊಂಡು ತಾವ ಕುಂತ್ರು. "ಬರ್ರಿ ಅಕ್ಕಾ, ಅಂಗಡಿ ಚಾಲೂ ಅದ, ಎಲ್ಲಾರೂ ಜೀವಂತ ಅದೀವಿ," ಅಂತ ಕರಿಯೋರು. ಒಳಗ ಸೀರಿ ಥಂಡ್ಯಾಗ, ಹೊರಗ ಸಾವಕಾರ್ರು ಬಿಸಲಾಗ.

ಅಷ್ಟ್ರಾಗ ಹಿಂದಿನಿಂದ ಹೊಸಾ ಗದ್ದಲ ಎದ್ದಿತು. ಏಸಿ ಅಂದ್ರ ಒಳಗಿನ ಕಾವು ತಗದು ಹೊರಗ ಚೆಲ್ಲೋ ಮಷೀನು. ಆ ಚೆಲ್ಲೋ ಡಬ್ಬಿ ಹಿಂದಿನ ಗಲ್ಲಿ ಗ್ವಾಡಿಗಿ ಕುಂಡ್ರಿಸಿದ್ದೆ. ಅಲ್ಲೇ ಎದುರಿಗಿ ಒಬ್ಬಾಕಿ ಮುದುಕಿ ಮನಿ, ಎಲ್ಲಾರೂ ಅಕಿಗಿ ಖಾಲಾ, ಅಂದ್ರ ಚಿಗವ್ವ, ಅಂತ ಕರೀತಾರ. ಖಾಲಾ ಅಂದ್ರ ಇಡೀ ಗಲ್ಲಿಗಿ ಹೆದರಿಕಿ. ಸಾವಕಾರ್ರು ಸೈತ ಅಕಿ ಕಂಡ್ರ ಎದ್ದು ನಿಲ್ತಾರ.

ಬಂದ್ಲು. ನನ್ನನ್ನ ಗ್ವಾಡಿಗಿ ಹಚ್ಚಿ ನಿಲ್ಲಿಸಿದಂಗ ನಿಲ್ಲಿಸಿದ್ಲು. "ಕ್ಯಾ ಬೇಟಾ, ನಿಮ್ಮ ಬೀಗರಿಗಿ ಥಂಡಿ ಬೇಕಂತ ನಮ್ಮ ಮನ್ಯಾಗ ಬೆಂಕಿ ಬಿಡ್ತೀರೇನು? ಬಾಗಲ ತಗದ್ರ ಮಾರಿಗಿ ಝಳಾ. ನಾಳಿಗಿ ಈ ಡಬ್ಬಾ ಇಲ್ಲಿರಬಾರದು. ಇದ್ರ ನಾನ ಕೆಳಗ ಕೆಡುವ್ತೀನಿ."

ಡಬ್ಬಿ ಕಿತ್ತು ಮಾಳಗಿ ಮ್ಯಾಲ ಒಯ್ಯಬೇಕಂದ್ರ ಪೈಪು ಎಲ್ಲಾ ಹೊಸದಾಗಿ ಎಳೀಬೇಕು. ಬಸ್ತಾಕ್ಕ ಮೂರ ದಿನಾ ಉಳದಾವ, ಅಷ್ಟ್ರಾಗ ಆಗೋ ಕೆಲಸಲ್ಲ. ಸಾವಕಾರ್ರು ನನ್ನ ಮಾರಿ ನೋಡಿದ್ರು, ನಾ ಅವರ ಮಾರಿ ನೋಡಿದೆ. "ಖಾಲಾ, ಒಂದೆರಡು ದಿನಾ ತಾಳ್ರಿ, ಏನರೇ ಮಾಡ್ತೀವಿ," ಅಂತ ಕೈ ಮುಗದೆ. ಅಕಿ ಹೋಗೋವಾಗ ಮುನೀಮ್ರಿಗೂ ಎರಡು ಮಾತು ಅಂದು ಹೋದ್ಲು, ಅವರು ಏನೂ ಮಾಡಿರಲಿಲ್ಲ.

ಮರುದಿನ ಐತವಾರ. ಅಂಗಡಿ ಬಂದ್, ಏಸಿ ಬಂದ್. ನಾ ಏಣಿ ಹಾಕ್ಕೊಂಡು ಹಿಂದ ಏನರೇ ತಗಡು ಅಡ್ಡ ಕಟ್ಟಾಕ ಆಗ್ತದೇನು ಅಂತ ನೋಡಾಕತ್ತಿದ್ದೆ. ಖಾಲಾ ಹೊರಗ ಬಂದ್ಲು. ಅಕಿ ಹಿಂದ ಗಲ್ಲಿಯ ಇನ್ನಾ ನಾಕು ಹೆಣ್ಣುಮಕ್ಕಳು. ನಾ ಏಣಿ ಮ್ಯಾಲ ಇನ್ನೊಂದು ಮೆಟ್ಟಲ ಏರಿದೆ.

"ಏನಪಾ, ಇವತ್ತ ಯಾಕ ಚಾಲೂ ಮಾಡಿಲ್ಲ?"

"ಖಾಲಾ, ನೀವ ಅಂದ್ರಲ್ಲ..."

"ನಾ ಅಂದಿದ್ದು ನಿನ್ನೆ. ಹೊತ್ತು ಮುಳುಗೋದ್ರಾಗ ನಿನ್ನ ಡಬ್ಬಾದ ಝಳಕ್ಕ ಕುರಡಗಿ ಸಂಡಿಗಿ ಕಡಕ್ ಒಣಗಿದ್ವು, ಹಿಂಗ ಮಾಳಗಿ ಮ್ಯಾಲ ಎರಡು ದಿನದಾಗ ಒಣಗಂಗಿಲ್ಲ. ಅದಕ್ಕ ಇವತ್ತ ಗಲ್ಲಿ ಮಂದಿ ಎಲ್ಲಾರೂ ಹಿಟ್ಟು ಕುದಿಸಿ ಕುಂತಾರ." ಹಿಂದ ನೋಡಿದೆ. ಐದು ಮಂಚ, ಐದರ ಮ್ಯಾಲೂ ಧೋತರ ಹಾಸಿ ಹಸಿ ಸಂಡಿಗಿ ಹಾಕ್ಯಾರ. ಎಲ್ಲಾ ಮಂಚದ ಕಾಲೂ ನನ್ನ ಡಬ್ಬಿ ಕಡಿ ತಿರುಗ್ಯಾವ.

"ಐತವಾರ ಬೀಗರು ಬರಂಗಿಲ್ರಿ," ಅಂದೆ.

"ಬೀಗರಿಗಿ ಏನು ಮಾಡೂದದ?" ಅಂದ್ಲು ಖಾಲಾ. "ಚಾವಿ ತಗದು ಚಾಲೂ ಮಾಡು. ನಿನ್ನ ಏಸಿ ಇರೋದು ಯಾರಿಗೋಸ್ಕರ?"

೬. ಮೋರಖಂಡಿ ಬಸ್ತಾ

ಬಸ್ತಾ ದಿನಾ ಬಂತು. ಸಾವಕಾರ್ರು ನನ್ನನ್ನ ಮುಂಜಾನಿ ಕರಸಿ ಮೂಲ್ಯಾಗ ಕುಂಡ್ರಿಸಿ, ಕೈಯಾಗ ರಿಮೋಟ್ ಕೊಟ್ಟು, "ಇವತ್ತ ನೀವು ಎಲ್ಲೂ ಹೋಗಬ್ಯಾಡ್ರಿ. ಉಚ್ಚಿಗೂ ಹೋಗಬ್ಯಾಡ್ರಿ," ಅಂದ್ರು. ಇಡೀ ತಾಲೂಕಿನ ಕಣ್ಣು ಈ ಅಂಗಡಿ ಮ್ಯಾಲ. ಇಲ್ಲಿ ಫೇಲ್ ಆದ್ರ ನನಗೂ ಮತ್ತ ಕೂಲರ್ ಪಂಪ ಗತಿ.

ಸೋಲಾಪುರದವರು ಬಂದ್ರು. ಮುಂದ ಬೀಗತಿ, ಗಂಡಿನ ತಾಯಿ. ಗಟ್ಟಿಮುಟ್ಟಾದ ಹೆಣ್ಣುಮಗಳು, ನಿಂತ್ರ ಬಾಗಲ ತುಂಬಬೇಕು. ಹೊಸ್ತಿಲ ದಾಟಿ ಒಳಗ ಬಂದು ಮಾಳಗಿ ಕಡಿ ನೋಡಿದ್ಲು, ಒಂದು ಉಸರು ಎಳಕೊಂಡ್ಲು, ತಲಿ ಆಡಿಸಿದ್ಲು. ಸಾವಕಾರ್ರು ಹಿಡದಿಟ್ಟ ಉಸರು ಬಿಟ್ರು. ಮೋರಖಂಡಿ ಕಾಕಾ ನನ್ನ ಕಡಿ ನೋಡಿ ಸಣ್ಣಗ ನಕ್ರು. ಬಡಪಾಯಿ, ಸಾದಾ ಮನುಷ್ಯ. ಬೀಗರಿಗಿ ಎಲ್ಲಿ ಏನು ಕಡಿಮಿ ಆಗ್ತದೋ ಅಂತ ಅವರ ಜೀವ ಮುಂಜಾನಿಂದ ಕೈಯಾಗ ಇತ್ತು.

ರೆಕ್ಕಿ ಗಂಡಿನ ಕಡಿ ಒಂಚೂರು ಜಾಸ್ತಿ ತೆರದಿಟ್ಟಿದ್ದೆ. ಸಾವಕಾರ್ರು ಬಂದು ಕಿವ್ಯಾಗ, "ಇನ್ನಾ ಥಂಡಿ ಮಾಡ್ರಿ. ಸೋಲಾಪುರ ಮರೀಬೇಕು," ಅಂದ್ರು. ಮಾಡಿದೆ. ಸ್ವಲ್ಪ ಹೊತ್ತಿಗಿ ಮತ್ತ ಬಂದು, "ಇನ್ನಾ," ಅಂದ್ರು. ಮತ್ತ ಮಾಡಿದೆ.

ಮದಿಮಗಳ ಸೀರಿ ನೋಡಾಕತ್ತಿದ್ರು. ಬೀಗತಿ ಎರಡೂ ಕೈ ಉಜ್ಕೊಂಡು, "ಅಯ್ಯ ನಮ್ಮವ್ವಾ, ಭಾಳ ಥಂಡಿ ಬಿತ್ತು," ಅಂದ್ಲು. ಅಂದದ್ದಷ್ಟ. ಕಾಕಾ ಮೊದಲ ಮರ್ಯಾದಿ ಮನುಷ್ಯ, ತಟ್ಟನ ಎದ್ದು ಬಾಜೂಕ ಇದ್ದ ಶಾಲಿನ ರಾಶ್ಯಾಗಿಂದ ಒಂದು ಉಣ್ಣಿ ಶಾಲು ತಗದು ಅಕಿ ಹೆಗಲ ಮ್ಯಾಲ ಹೊಚ್ಚಿದ್ರು. ಥಂಡಿಗಿ ಇರಲಿ ಅಂತ.

ಅಂಗಡ್ಯಾಗಿನ ಮಂದಿ ಎಲ್ಲಾ ಆ ಶಾಲು ನೋಡಾಕತ್ರು.

ನಮ್ಮ ಕಡಿ ಬೀಗರ ಹೆಗಲ ಮ್ಯಾಲ ಹೆಣ್ಣಿನ ತಂದಿ ಬಟ್ಟಿ ಹೊಚ್ಚಿದ ಅಂದ್ರ ಅದು ಆಯೇರ. ಮಾನ ಮಾಡಿದಂಗ. ಹೊಚ್ಚಿದ್ದನ್ನ ಹೊಚ್ಚಿದವರು ತಿರುಗಿ ತಗ್ಯೂ ಹಂಗಿಲ್ಲ, ತಗದ್ರ ಮದಿವಿ ಮುರಕೊಂಡಂಗ. ಕಾಕಾಗ ಅದು ಹೊಚ್ಚಿದ ಮ್ಯಾಲ ನೆನಪಾತು. ಬೀಗತಿಗಿ ಹೊಚ್ಚೋಕ್ಕಿಂತ ಮೊದಲ ನೆನಪಾಗಿತ್ತು ಕಾಣ್ತದ. ಅಕಿ ಸೆರಗು ಸರಿ ಮಾಡ್ಕೊಂಡು, ಕಾಕಾಗ ಕೈ ಮುಗದು, ನೆಟ್ಟಗ ಕುಂತ್ಲು.

ಆಗ ಅಕಿ ನೆಗೆಣಿಗಿ ಥಂಡಿ ಹತ್ತಿತು. ಅಲ್ಲೀತನಕ ಆರಾಮ ಇದ್ದ ಹೆಣ್ಣುಮಗಳು ಗಡಗಡ ನಡುಗಾಕ ಶುರು ಮಾಡಿದ್ಲು. ಒಬ್ಬರಿಗಿ ಹೊಚ್ಚಿ ಇನ್ನೊಬ್ಬರಿಗಿ ಬಿಡಾಕ ಬರ್ತದೇನು? ಕಾಕಾ ಅಕಿಗೂ ಒಂದು ಹೊಚ್ಚಿದ್ರು. ಅಷ್ಟಕ್ಕ ಸೋದರತ್ತಿಗಿ ಹಲ್ಲು ಕಟಕಟ ಅಂದ್ವು. ದೊಡ್ಡ ಮಾವಗ ಕೆಮ್ಮು ಬಂತು. ಗಂಡಿನ ಕಡಿ ಸಾಲು ಪೂರಾ ಒಬ್ಬರಾದ ಮ್ಯಾಲ ಒಬ್ಬರು ಮೈ ಮುದುರಿ ಕಾಕಾನ ಕಡಿ ನೋಡಾಕತ್ತಿತು. ಏಪ್ರಿಲ್ ತಿಂಗಳು, ಹೊರಗ ಡಾಂಬರು ಕರಗಾಕತ್ತದ, ಒಳಗ ಸೋಲಾಪುರದ ಬೀಗರು ಸಾಲಾಗಿ ಉಣ್ಣಿ ಶಾಲು ಹೊದ್ದು ಕುಂತಾರ.

ಸಾವಕಾರ್ರಿಗಿ ಮೊದಲ ಖುಷಿ ಆತು. ಸುಳ್ಳ್ಯಾಕ ಹೇಳಬೇಕು, ವ್ಯಾಪಾರಸ್ಥ ಮನುಷ್ಯ. "ಗೋದಾಮಿನ್ಯಾಗಿಂದ ಇನ್ನಾ ಶಾಲು ತರ್ರಿ," ಅಂತ ನೌಕರರಿಗಿ ಸನ್ನಿ ಮಾಡಿದ್ರು. ಆಮ್ಯಾಲ ಅವರ ಕಣ್ಣು ಕಾಕಾನ ಮಾರಿ ಮ್ಯಾಲ ಬಿತ್ತು. ಇಡೀ ಅಂಗಡ್ಯಾಗ ಬೆವರು ಬಂದಿದ್ದು ಅವರೊಬ್ಬರಿಗೇ. ಹಣಿಯಿಂದ ಇಳದು ಮೀಸ್ಯಾಗ ಹನಿ ಹನಿ ನಿಂತಿತ್ತು. ಮಗಳ ಸೀರಿ ಇನ್ನಾ ಆರಿಸಿಲ್ಲ, ಶಾಲಿನ ಖರ್ಚಿಗೇ ಮನುಷ್ಯ ಮುಗದು ಹೋಗ್ತಾನ ಅಂತ ಸಾವಕಾರ್ರಿಗಿ ಖರೇ ಕಳವಳ ಆತು. ಈ ಮನುಷ್ಯ ಇವತ್ತ ನೊಂದು ಹೋದ್ರ ಮೂರು ತಲಿಮಾರಿನ ಗಾದಿ ಸಂಬಂಧ ಹೋತು.

ಕಾಕಾ ನನ್ನ ಹತ್ರ ಬಂದು ಸಣ್ಣ ದನಿಲೆ, "ತಮ್ಮಾ, ಇದನ್ನ ಬಂದ್ ಮಾಡೋ. ಕಾಲು ಬೀಳ್ತೀನಿ," ಅಂದ್ರು.

ಸಾವಕಾರ್ರು ಓಡಿ ಬಂದ್ರು. "ಬಂದ್ ಮಾಡಿದ್ರ ಬೀಗರು ಏನಂತಾರ ಕಾಕಾ? ಶಾಲು ಕೊಡೋದು ಬರತದಂತ ಏಸಿ ಬಂದ್ ಮಾಡ್ಯಾರ ಅಂತಾರ. ಎದ್ದು ಸೋಲಾಪುರಕ್ಕ ಹೋಗ್ತಾರ." ಆಮ್ಯಾಲ ನನ್ನ ಕಡಿ ತಿರುಗಿ ಅಂದ್ರು, "ಬ್ಯಾರೆ ಏನರೇ ಮಾಡ್ರಿ. ಬಂದ್ ಮಾಡದಂಗ ಬಂದ್ ಮಾಡ್ರಿ."

ಇಂಥ ಕೆಲಸ ಕಂಪನಿ ಟ್ರೇನಿಂಗ್‌ನ್ಯಾಗ ಕಲಿಸಂಗಿಲ್ಲ. ರಿಮೋಟ್ ಒತ್ತಿ ಬರೀ ಫ್ಯಾನ್ ಮ್ಯಾಲ ಇಟ್ಟೆ. ದೀಪ ಉರೀತದ, ರೆಕ್ಕಿ ಆಡ್ತಾವ, ಗಾಳಿ ಬರ್ತದ. ಥಂಡಿ ಅಷ್ಟ ಬರಂಗಿಲ್ಲ. ಅಷ್ಟು ಮಂದಿ ಮೈ ಕಾವಿಗಿ ಅಂಗಡಿ ಬೆಚ್ಚಗಾಗಾಕ ಭಾಳ ಹೊತ್ತು ಹಿಡೀಲಿಲ್ಲ.

ಮೊದಲ ದೊಡ್ಡ ಮಾವ ಶಾಲಿನೊಳಗ ಕೈ ಹಾಕಿ ಕುತಗಿ ತುರಸ್ಕೊಂಡ್ರು. ನೆಗೆಣಿ ಸೆರಗಿಲೆ ಗಾಳಿ ಹಾಕ್ಕೊಂಡ್ಲು. ಹೊಚ್ಚಿದವರು ತಗ್ಯೂ ಹಂಗಿಲ್ಲ ಖರೇ, ಹೊಚ್ಚಿಸ್ಕೊಂಡವರು ತಾವ ತಗದು ಬಾಜೂಕ ಇಟ್ರ ಯಾರ ಮಾನಕ್ಕೂ ಧಕ್ಕಿ ಇಲ್ಲ. ಮಾವ ಮೆಲ್ಲಕ ಶಾಲು ಇಳಿಸಿ ಮಡಚಿ ರಾಶಿ ಮ್ಯಾಲ ಇಟ್ರು. ಅವರನ್ನ ನೋಡಿ ನೆಗೆಣಿ, ನೆಗೆಣಿನ ನೋಡಿ ಸೋದರತ್ತಿ. ಶಾಲೆಲ್ಲಾ ಒಂದೊಂದ ತಿರುಗಿ ರಾಶಿ ಸೇರಿದ್ವು. ಕಾಕಾ ಎಷ್ಟೋ ಹೊತ್ತಿನ ಮ್ಯಾಲ ಗ್ವಾಡಿಗಿ ಒರಗಿ ಕುಂತ್ರು. ಸೆಕಿಗಿ ಮಂದಿಗಿ ಅವಸರನೂ ಆತು. ಮದಿಮಗಳ ಸೀರಿ ಪಟ್ಟನ ಆರಿಸಿದ್ರು, ಉಳದದ್ದೂ ಚಕಾಚಕ ಮುಗೀತು. ಗಂಡಿನ ತಂದಿ ಸಾವಕಾರ್ರಿಗಿ, "ಅಂಗಡಿ ಚಲೋ ಅದ ನಿಮ್ಮದು. ನಮ್ಮ ಸಣ್ಣವನ ಬಸ್ತಾಕ್ಕೂ ಇಲ್ಲೇ ಬರ್ತೀವಿ," ಅಂದ್ರು. ಸಾವಕಾರ್ರ ಕಣ್ಣಾಗ ನೀರು ಬಂತು.

ಬೀಗತಿ ಒಬ್ಬಕಿ ಮಾತ್ರ ಶಾಲು ತಗೀಲಿಲ್ಲ.

ಮಾರಿ ಕೆಂಪಗ ಆಗ್ಯದ. ಕುಂಕುಮ ಕರಗಿ ಮೂಗಿನ ತುದಿಗಿ ಬಂದದ. ಎರಡೂ ಬಾಜು ಹೆಣ್ಣುಮಕ್ಕಳು ಸೀರಿ ಡಬ್ಬಿಯ ರಟ್ಟು ಹಿಡದು ಗಾಳಿ ಹಾಕಾಕತ್ತಾರ. "ಎವ್ವಾ, ತಗ್ಯ, ಮೈ ಸುಡಾಕತ್ತದ," ಅಂತ ಮಗಳು ಅಂದ್ಲು. "ಇರಲಿ, ನನಗ ಥಂಡಿ ಆಗ್ತದ," ಅಂತ ಶಾಲು ಇನ್ನಾ ಬಿಗಿ ಎಳಕೊಂಡ್ಲು. ನನಗ ಹೆದರಿಕಿ ಆಗಿ ಕದ್ದು ಒಂಚೂರು ಥಂಡಿ ಬಿಟ್ಟೆ. ಕಾಕಾ ನನ್ನ ಕಡಿ ಕಣ್ಣು ಕೆಕ್ಕರಿಸಿದ್ರು, ತಿರುಗಿ ಬಂದ್ ಮಾಡಿದೆ.

ಗಂಟು ಕಟ್ಟಿದ್ರು. ಬಿಲ್ ಬರಿಯೋ ಹೊತ್ತಾತು. ಮುನೀಮ್ರು ಕಾಕಾನ ಹತ್ರ ಬಂದು, ಬೀಗತಿಗಿ ಕೇಳಬಾರದಂತ ಬಗ್ಗಿ, "ಕಾಕಾ, ಎಲ್ಲಾ ಶಾಲು ವಾಪಸ್ ಬಂದ್ವು. ಅದೊಂದು ಏನು ಮಾಡೂನ್ರಿ?" ಅಂದ್ರು.

ಕಾಕಾ ಬೀಗತಿ ಕಡಿ ನೋಡಿದ್ರು. ಆಮ್ಯಾಲ ಅಂದ್ರು:

"ಬಿಲ್ಲಿನ್ಯಾಗ ಹಾಕ್ರಿ ಮುನೀಮ್ರೇ. ಅದನ್ನ ನಾ ಕೊಟ್ಟಿಲ್ಲ, ಅವ್ರು ದುಡದು ತಗೊಂಡಾರ."